ಅಥೆನ್ಸ್ ಮತ್ತು ಸ್ಪಾರ್ಟಾ: ಹೊಲ ಉತ್ತವರು ಯಾರು, ಹಡಗಿಗೆ ಹುಟ್ಟು ಹಾಕಿದವರು ಯಾರು?

ಪ್ರಶ್ನೆ: ಅಥೆನ್ಸ್ ಅಂದ್ರೆ ಪ್ರಜಾಪ್ರಭುತ್ವ, ಸ್ಪಾರ್ಟಾ ಅಂದ್ರೆ ಸೈನ್ಯ. ಶಾಲೆಯಲ್ಲಿ ಓದಿದ್ದು ಇಷ್ಟೇ ನೆನಪಿದೆ. ಒಂದೇ ಭಾಷೆ, ಅದೇ ದೇವರುಗಳು ಇದ್ದ ಎರಡು ಊರುಗಳು ಇಷ್ಟೊಂದು ಬೇರೆ ಬೇರೆ ಆಗಿದ್ದು ಯಾಕೆ? ಸ್ಪಾರ್ಟಾದ ಹೆಂಗಸರಿಗೆ ಜಾಸ್ತಿ ಸ್ವಾತಂತ್ರ್ಯ ಇತ್ತು ಅಂತಾರೆ, ನಿಜವಾ? ಮತ್ತೆ, ಯುದ್ಧ ಗೆದ್ದ ಸ್ಪಾರ್ಟಾವೇ ಅಷ್ಟು ಬೇಗ ಕುಸಿದಿದ್ದು ಹೇಗೆ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳ ಬೇರು ಒಂದೇ ಕಡೆ ಇದೆ. ಈ ಎರಡು ಊರುಗಳನ್ನು ಹೋಲಿಸುವಾಗ ನಾವು ರಾಜ, ಸಭೆ, ಸೈನ್ಯ ಅಂತ ಮೇಲಿನಿಂದ ನೋಡುತ್ತಾ ಬರುತ್ತೇವೆ. ನಾನು ಕೆಳಗಿನಿಂದ ಶುರು ಮಾಡುತ್ತೇನೆ. ಹೊಲದಲ್ಲಿ ದುಡಿಯುತ್ತಿದ್ದವರು ಯಾರು? ಒಬ್ಬ ಪ್ರಜೆ ಬಡವನಾಗಿಬಿಟ್ಟರೆ ಅವನ ಗತಿ ಏನು? ಈ ಎರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದು ತಾನಾಗೇ ಬಿಡಿಸಿಕೊಳ್ಳುತ್ತದೆ.

ಮೊದಲೇ ಒಂದು ಮಾತು. ಸ್ಪಾರ್ಟಾದ ಬಗ್ಗೆ ನಾವು ಓದುವುದರಲ್ಲಿ ಬಹುಪಾಲು ಹೊರಗಿನವರು ಬರೆದದ್ದು. ಹೆರೊಡೊಟಸ್, ಥುಸಿಡಿಡೀಸ್, ಅರಿಸ್ಟಾಟಲ್ ಯಾರೂ ಆ ಊರಿನವರಲ್ಲ. ಕ್ಸೆನೊಫೋನ್ ಅಥೆನ್ಸಿನಲ್ಲಿ ಹುಟ್ಟಿ ಸ್ಪಾರ್ಟಾವನ್ನು ಮೆಚ್ಚಿದವನು. ಪ್ಲುಟಾರ್ಕ್ ಬರೆಯಲು ಕೂತಾಗ ಆ ಕಾಲ ಮುಗಿದು ಕೆಲವು ಶತಮಾನಗಳೇ ಕಳೆದಿದ್ದವು. ಹಾಗಾಗಿ ಲೈಕರ್ಗಸ್ ಎಂಬ ಒಬ್ಬನೇ ಕೂತು ಸ್ಪಾರ್ಟಾದ ಕಾನೂನನ್ನೆಲ್ಲ ಕಟ್ಟಿದ ಎಂಬ ಕಥೆಯನ್ನು ನಾನು ಇತಿಹಾಸ ಅಂತ ತೆಗೆದುಕೊಳ್ಳುವುದಿಲ್ಲ. ಆದರೆ ಬೇರೆ ಬೇರೆಯವರು ಬೇರೆ ಬೇರೆ ಕಾಲದಲ್ಲಿ ಬರೆದದ್ದು ಒಂದಕ್ಕೊಂದು ಹೊಂದುವ ಕಡೆ ನಂಬಬಹುದು.

ಸ್ಪಾರ್ಟಾ ಇದ್ದದ್ದು ದಕ್ಷಿಣ ಗ್ರೀಸಿನಲ್ಲಿ, ಯೂರೋಟಾಸ್ ನದಿಯ ಕಣಿವೆಯಲ್ಲಿ. ಪಶ್ಚಿಮಕ್ಕೆ ಟೈಗೆಟಸ್ ಬೆಟ್ಟಸಾಲು. ಅದರಾಚೆ ಮೆಸೇನಿಯಾ, ಒಳ್ಳೆಯ ಫಲವತ್ತಾದ ನೆಲ. ಕ್ರಿ.ಪೂ. 8 ಮತ್ತು 7ನೇ ಶತಮಾನಗಳಲ್ಲಿ ಸ್ಪಾರ್ಟಾದವರು ಬೆಟ್ಟ ದಾಟಿ ಹೋಗಿ ಮೆಸೇನಿಯಾವನ್ನು ಗೆದ್ದರು. ಅಲ್ಲಿದ್ದ ಜನರನ್ನು ಓಡಿಸಲಿಲ್ಲ, ಮಾರಲೂ ಇಲ್ಲ. ಅವರದೇ ನೆಲದಲ್ಲಿ ಅವರನ್ನೇ ಜೀತಕ್ಕೆ ಹಚ್ಚಿದರು. ಇವರನ್ನೂ ಸ್ಪಾರ್ಟಾದ ಸುತ್ತಲಿನ ನಾಡಾದ ಲಕೋನಿಯಾದಲ್ಲೇ ಇದ್ದ ಇಂಥದ್ದೇ ಜನರನ್ನೂ ಸೇರಿಸಿ ಹೆಲಟರು ಅನ್ನುತ್ತಾರೆ. ಭಾರ ಹೊತ್ತು ಬಳಲಿದ ಕತ್ತೆಗಳ ಹಾಗೆ ಇವರು ಬೆಳೆದದ್ದರಲ್ಲಿ ಅರ್ಧವನ್ನು ಒಡೆಯರಿಗೆ ತಂದು ಸುರಿಯುತ್ತಿದ್ದರು ಎಂದು 7ನೇ ಶತಮಾನದಲ್ಲಿ ಸ್ಪಾರ್ಟಾದಲ್ಲೇ ಇದ್ದ ಕವಿ ಟಿರ್ಟೇಯಸ್ ಹಾಡಿದ್ದಾನೆ.

ಇಲ್ಲಿ ಒಂದು ವಿಷಯ ಗಮನಿಸಿ. ಅಥೆನ್ಸಿನ ಗುಲಾಮರನ್ನು ಸಂತೆಯಲ್ಲಿ ಕೊಂಡು ತರುತ್ತಿದ್ದರು. ಒಬ್ಬ ಥ್ರೇಸಿನವನು, ಇನ್ನೊಬ್ಬ ಸಿರಿಯಾದವನು, ಮತ್ತೊಬ್ಬ ಕಪ್ಪು ಸಮುದ್ರದ ಆಚೆಯವನು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಓಡಿಹೋಗಬಹುದು, ಆದರೆ ಒಟ್ಟಾಗಿ ಎದ್ದು ನಿಲ್ಲುವುದು ಕಷ್ಟ. ಹೆಲಟರು ಹಾಗಲ್ಲ. ಒಂದೇ ಭಾಷೆ, ಒಂದೇ ನೆಲ, ಮನೆಮಠ, ಹೆಂಡತಿ ಮಕ್ಕಳು, ಕಳೆದುಕೊಂಡ ಊರಿನ ನೆನಪು ಎಲ್ಲ ಇತ್ತು. ಸಂಖ್ಯೆಯಲ್ಲೂ ಒಡೆಯರಿಗಿಂತ ಎಷ್ಟೋ ಪಾಲು ಜಾಸ್ತಿ. ಕ್ರಿ.ಪೂ. 479ರಲ್ಲಿ ಪರ್ಷಿಯನ್ನರ ಎದುರು ನಡೆದ ಪ್ಲಾಟಿಯಾ ಯುದ್ಧಕ್ಕೆ 5,000 ಸ್ಪಾರ್ಟಾ ಪ್ರಜೆಗಳು ಹೊರಟಾಗ ಅವರ ಜೊತೆ ತಲೆಗೆ ಏಳರಂತೆ 35,000 ಹೆಲಟರು ಇದ್ದರು ಎಂದು ಹೆರೊಡೊಟಸ್ ಬರೆಯುತ್ತಾನೆ.

ಇಷ್ಟು ಜನ ಮನೆಯ ಹಿತ್ತಲಲ್ಲೇ ಇದ್ದಾರೆ, ಅವರಿಗೆ ನಿಮ್ಮ ಮೇಲೆ ಹಗೆ ಇದೆ. ಆಗ ನೀವು ಹೇಗೆ ಬದುಕುತ್ತೀರಿ? ಸ್ಪಾರ್ಟಾದ ಪ್ರತಿಯೊಂದು ವಿಚಿತ್ರ ಕಟ್ಟಳೆಯೂ ಈ ಪ್ರಶ್ನೆಗೆ ಕೊಟ್ಟ ಉತ್ತರ ಅಂತ ನನಗೆ ಅನ್ನಿಸುತ್ತದೆ. ಪ್ರತಿವರ್ಷ ಹೊಸದಾಗಿ ಅಧಿಕಾರಕ್ಕೆ ಬಂದ ಎಫೊರರು ಎಂಬ ಮೇಲ್ವಿಚಾರಕರು ಹೆಲಟರ ಮೇಲೆ ಯುದ್ಧ ಸಾರುತ್ತಿದ್ದರು. ಯುದ್ಧ ಅಂತ ಸಾರಿದ ಮೇಲೆ ಹೆಲಟನನ್ನು ಕೊಂದರೆ ಕೊಲೆಯ ಪಾಪ ಅಂಟುವುದಿಲ್ಲ ಎಂಬ ಲೆಕ್ಕ. ಆಯ್ದ ಯುವಕರನ್ನು ಕಠಾರಿ ಕೊಟ್ಟು ಹಳ್ಳಿಗಾಡಿಗೆ ಕಳಿಸುತ್ತಿದ್ದರು. ಹಗಲು ಅಡಗಿರುವುದು, ರಾತ್ರಿ ಹೊರಬಂದು ಗಟ್ಟಿಮುಟ್ಟಾದ ಹೆಲಟರನ್ನು ಕೊಲ್ಲುವುದು. ಇದಕ್ಕಿಂತ ಘೋರವಾದದ್ದನ್ನು ಥುಸಿಡಿಡೀಸ್ ಹೇಳುತ್ತಾನೆ. ಯುದ್ಧದಲ್ಲಿ ಚೆನ್ನಾಗಿ ದುಡಿದ ಹೆಲಟರು ಮುಂದೆ ಬನ್ನಿ, ಬಿಡುಗಡೆ ಕೊಡುತ್ತೇವೆ ಎಂದು ಸ್ಪಾರ್ಟಾ ಡಂಗುರ ಹೊಡೆಸಿತು. ಮೊದಲು ಮುಂದೆ ಬರುವವರೇ ನಾಳೆ ದಂಗೆ ಏಳುವ ಧೈರ್ಯ ಇರುವವರು ಎಂಬುದು ಒಳಗಿನ ಎಣಿಕೆ. ಸುಮಾರು 2,000 ಜನರನ್ನು ಆರಿಸಿದರು. ಅವರು ತಲೆಗೆ ಹೂಮಾಲೆ ಸುತ್ತಿಕೊಂಡು, ಬಿಡುಗಡೆಯಾಯಿತು ಎಂದು ಗುಡಿಗುಡಿ ಸುತ್ತಿದರು. ಸ್ವಲ್ಪ ದಿನದಲ್ಲೇ ಎಲ್ಲರೂ ಕಾಣೆಯಾದರು. ಒಬ್ಬೊಬ್ಬನೂ ಹೇಗೆ ಸತ್ತ ಎಂಬುದು ಹೊರಗೆ ಬರಲೇ ಇಲ್ಲ.

ಈ ಭಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಸ್ಪಾರ್ಟಾದ ಹುಡುಗರ ಬಾಳನ್ನು ನೋಡಿ. 7 ವರ್ಷಕ್ಕೆ ಹುಡುಗ ಮನೆ ಬಿಟ್ಟು ಗುಂಪು ಸೇರುತ್ತಾನೆ. ಬರಿಗಾಲು. 12 ದಾಟಿದ ಮೇಲೆ ಇಡೀ ವರ್ಷಕ್ಕೆ ಒಂದೇ ಹೊದಿಕೆ. ಮಲಗುವುದು ಯೂರೋಟಾಸ್ ದಂಡೆಯ ಜೊಂಡಿನ ಮೇಲೆ, ಆ ಜೊಂಡನ್ನೂ ಚಾಕು ಇಲ್ಲದೆ ಕೈಯಲ್ಲೇ ಕಿತ್ತು ತರಬೇಕು. ಊಟ ಬೇಕೆಂದೇ ಕಡಿಮೆ. ಕದ್ದು ತಿನ್ನಬಹುದು, ಸಿಕ್ಕಿಬಿದ್ದರೆ ಏಟು. 20ಕ್ಕೆ ಊಟದ ಪಂಗಡ ಸೇರುವುದು, 30ರವರೆಗೆ ಮದುವೆಯಾಗಿದ್ದರೂ ರಾತ್ರಿ ಗೆಳೆಯರ ಜೊತೆಯೇ ಮಲಗುವುದು, 60ರವರೆಗೆ ಸೈನ್ಯದ ಕರೆಗೆ ಸಿದ್ಧವಿರುವುದು. ವ್ಯಾಪಾರ, ಕಸುಬು ಯಾವುದೂ ಮಾಡುವಂತಿಲ್ಲ. ಅದಕ್ಕೆ ಸುತ್ತಲಿನ ಊರುಗಳಲ್ಲಿ ಪೆರಿಯೋಯ್ಕಿ ಎಂಬ ಜನ ಇದ್ದರು. ಅವರು ಗುಲಾಮರಲ್ಲ, ಆದರೆ ಸ್ಪಾರ್ಟಾದ ಆಡಳಿತದಲ್ಲಿ ಅವರ ಮಾತಿಗೆ ಜಾಗ ಇರಲಿಲ್ಲ.

ಊಟದ ಪಂಗಡದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಸ್ಪಾರ್ಟಾದ ಏಳುಬೀಳು ಎರಡೂ ಅಲ್ಲೇ ಇದೆ. ಸುಮಾರು 15 ಜನರ ಒಂದೊಂದು ಪಂಗಡ, ದಿನಾ ರಾತ್ರಿ ಒಟ್ಟಿಗೆ ಊಟ. ಮುಖ್ಯ ಅಡುಗೆ ಹಂದಿಮಾಂಸವನ್ನು ರಕ್ತ, ವಿನಿಗರ್, ಉಪ್ಪು ಹಾಕಿ ಬೇಯಿಸಿದ ಕಪ್ಪು ಸಾರು. ಹೊಸಬನನ್ನು ಸೇರಿಸಿಕೊಳ್ಳುವಾಗ ಎಲ್ಲರೂ ಒಂದೊಂದು ರೊಟ್ಟಿಯ ಉಂಡೆ ಹಿಡಿದಿರುತ್ತಾರೆ. ಸೇವಕ ತಲೆಯ ಮೇಲೆ ಬೋಗುಣಿ ಹೊತ್ತು ಬರುತ್ತಾನೆ, ಮಾತಿಲ್ಲದೆ ಉಂಡೆ ಅದರಲ್ಲಿ ಹಾಕಬೇಕು. ಬೇಡ ಅನ್ನುವವನು ಉಂಡೆಯನ್ನು ಹಿಚುಕಿ ಚಪ್ಪಟೆ ಮಾಡಿ ಹಾಕುತ್ತಾನೆ. ಚಪ್ಪಟೆ ಉಂಡೆ ಒಂದೇ ಒಂದು ಸಿಕ್ಕರೂ ಹುಡುಗನಿಗೆ ಜಾಗ ಇಲ್ಲ.

ಪ್ರತಿಯೊಬ್ಬನೂ ತಿಂಗಳಿಗೆ ಇಷ್ಟು ಅಂತ ದವಸ ಕೊಡಬೇಕಿತ್ತು. ಪ್ಲುಟಾರ್ಕ್ ಹೇಳುವುದನ್ನು ಅಥೆನ್ಸಿನ ಅಳತೆಯಲ್ಲಿ ಲೆಕ್ಕ ಹಾಕಿದರೆ ಒಂದು ಮೆಡಿಮ್ನಸ್, ಅಂದರೆ ಸುಮಾರು 52 ಲೀಟರು ಬಾರ್ಲಿ, 26 ಲೀಟರಿನಷ್ಟು ವೈನ್, ಎರಡು ಕಿಲೋಗೆ ಸ್ವಲ್ಪ ಮೇಲೆ ಚೀಸ್, ಒಂದು ಕಿಲೋದಷ್ಟು ಅಂಜೂರ. ಇದು ಒಬ್ಬನ ಹೊಟ್ಟೆಗೆ ಬೇಕಾದ್ದಕ್ಕಿಂತ ಜಾಸ್ತಿ. ಇದನ್ನು ಕೊಡಲು ಆಗದಿದ್ದರೆ? ಪಂಗಡದಿಂದ ಹೊರಗೆ. ಪಂಗಡದಿಂದ ಹೊರಗೆ ಬಿದ್ದರೆ ಪೌರತ್ವವೂ ಹೋಯಿತು. ಎಷ್ಟೇ ಯುದ್ಧ ಮಾಡಿರಲಿ, ಎಂಥ ಮನೆತನವೇ ಇರಲಿ. ಸ್ಪಾರ್ಟಾದವರು ತಮ್ಮನ್ನು 'ಸಮಾನರು' ಎಂದು ಕರೆದುಕೊಳ್ಳುತ್ತಿದ್ದರು. ಆ ಸಮಾನತೆಯ ಬಾಗಿಲಲ್ಲಿ ಒಂದು ತಕ್ಕಡಿ ಇತ್ತು.

ಇನ್ನು ಸ್ಪಾರ್ಟಾದ ಆಡಳಿತ. ಅದನ್ನು ಸುಮ್ನೆ 'ಸೈನಿಕ ಆಡಳಿತ' ಎಂದು ತಳ್ಳಿಹಾಕುವುದು ತಪ್ಪು. ಹಳೆಯ ಕಾಲದ ಚಿಂತಕರು ಅದನ್ನು ಬಹಳ ಮೆಚ್ಚಿದ್ದರು, ಅದಕ್ಕೆ ಕಾರಣವೂ ಇತ್ತು. ಅಲ್ಲಿ ಒಬ್ಬನಲ್ಲ, ಇಬ್ಬರು ರಾಜರು, ಎರಡು ಬೇರೆ ಮನೆತನದಿಂದ. ಒಬ್ಬ ಜಾಸ್ತಿ ಮೆರೆದರೆ ಇನ್ನೊಬ್ಬ ಇದ್ದೇ ಇದ್ದಾನೆ. ಅವರ ಜೊತೆ 60 ದಾಟಿದ 28 ಹಿರಿಯರ ಸಭೆ, ಸಾಯುವವರೆಗೂ ಸ್ಥಾನ. ಇವರೆಲ್ಲರ ಮೇಲೆ ಕಣ್ಣಿಡಲು ವರ್ಷಕ್ಕೊಮ್ಮೆ ಆರಿಸಿ ಬರುವ ಐದು ಎಫೊರರು. ತಿಂಗಳಿಗೊಮ್ಮೆ ರಾಜರು ಕಾನೂನಿನ ಪ್ರಕಾರ ಆಳುತ್ತೇವೆ ಎಂದು ಆಣೆ ಇಡಬೇಕು. ಅವರು ಆಣೆ ಉಳಿಸಿಕೊಂಡರೆ ರಾಜತ್ವವನ್ನು ಅಲುಗಾಡಿಸುವುದಿಲ್ಲ ಎಂದು ಎಫೊರರು ಊರಿನ ಪರವಾಗಿ ಆಣೆ ಇಡಬೇಕು. ರಾಜನನ್ನು ಹೀಗೆ ಕಟ್ಟಿಹಾಕಿದ ಊರು ಆ ಕಾಲದಲ್ಲಿ ಅಪರೂಪ.

ಪ್ರಜೆಗಳ ಸಭೆಯೂ ಇತ್ತು. ಆದರೆ ಅಲ್ಲಿ ಕೂಗಿ ಒಪ್ಪಿಗೆ ಕೊಡುವುದು ವಾಡಿಕೆ. ಹಿರಿಯರ ಸಭೆಗೆ ಆಯ್ಕೆ ನಡೆಯುವಾಗ ಕೆಲವರನ್ನು ಪಕ್ಕದ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಸಭೆಯ ಮುಂದೆ ಸುಮ್ಮನೆ ಹಾದುಹೋಗುತ್ತಾರೆ, ಜನ ಕೂಗುತ್ತಾರೆ. ಯಾರು ಹೋದರು ಎಂದು ಕಾಣದೆ, ಕೋಣೆಯಲ್ಲಿದ್ದವರು ಎಷ್ಟನೆಯವನಿಗೆ ಕೂಗು ಜೋರಾಗಿತ್ತು ಎಂದು ಬರೆದಿಡುತ್ತಾರೆ. ಇದು ಮಕ್ಕಳಾಟ ಎಂದು ಅರಿಸ್ಟಾಟಲ್ ಬೈದ. ನನಗೆ ಕೂಗಿಗಿಂತ ದೊಡ್ಡ ಕೊರತೆಯಾಗಿ ಕಾಣುವುದು ಬೇರೆ. ಆ ಸಭೆಯಲ್ಲಿ ಸಾಮಾನ್ಯ ಪ್ರಜೆ ಎದ್ದು ನಿಂತು ವಾದ ಮಾಡುವ ರೂಢಿ ಇರಲಿಲ್ಲ. ಹೌದು ಅಥವಾ ಇಲ್ಲ, ಅಷ್ಟೇ.

ಈಗ ಅಥೆನ್ಸಿಗೆ ಬರೋಣ. ಅದು ಇರುವ ಅಟಿಕಾ ಅಂದರೆ ಸುಮಾರು 2,500 ಚದರ ಕಿಲೋಮೀಟರಿನ ನಾಡು. ಮಣ್ಣು ತೆಳು, ಆಲಿವ್ ಚೆನ್ನಾಗಿ ಬರುತ್ತದೆ, ಗೋಧಿ ಸಾಲದು. ಕಾಳು ಕಪ್ಪು ಸಮುದ್ರದ ಕಡೆಯಿಂದ ಹಡಗಿನಲ್ಲಿ ಬರಬೇಕು. ಇಲ್ಲೂ ಒಂದು ಕಾಲದಲ್ಲಿ ಬಡ ರೈತರು ಸಾಲಕ್ಕೆ ಮೈಯನ್ನೇ ಒತ್ತೆ ಇಟ್ಟು, ತೀರಿಸಲಾಗದೆ ಗುಲಾಮರಾಗಿ ಮಾರಾಟವಾಗುತ್ತಿದ್ದರು. ಕ್ರಿ.ಪೂ. 594ರಲ್ಲಿ ಕಾನೂನು ಮಾಡಿದ ಸೋಲನ್ ಅದನ್ನು ನಿಲ್ಲಿಸಿದ. ಮೈ ಒತ್ತೆ ಇಟ್ಟು ಸಾಲ ಕೊಡುವಂತಿಲ್ಲ ಎಂದ. ಅಥೆನ್ಸಿನ ಪ್ರಜಾಪ್ರಭುತ್ವದ ಹುಟ್ಟನ್ನು ಕ್ಲೈಸ್ತನೀಸ್ 508ರಲ್ಲಿ ಮಾಡಿದ ಬದಲಾವಣೆಯಿಂದ ಎಣಿಸುವುದು ರೂಢಿ. ನಾನು ಸೋಲನ್‌ನಿಂದ ಎಣಿಸುತ್ತೇನೆ. ಬಡವನಾದರೂ ನೀನು ಪ್ರಜೆಯೇ ಎಂದು ಅಲ್ಲಿ ಮೊದಲು ನಿಗದಿಯಾಯಿತು. ಸ್ಪಾರ್ಟಾ ಎಂದೂ ಇಡದ ಹೆಜ್ಜೆ ಇದು.

ಎರಡನೆಯ ತಿರುವು ಬೆಳ್ಳಿಯದು. ಕ್ರಿ.ಪೂ. 483ರ ಹೊತ್ತಿಗೆ ಲಾರಿಯಂ ಗಣಿಯಲ್ಲಿ ಬೆಳ್ಳಿ ಸಮೃದ್ಧವಾಗಿ ಸಿಕ್ಕಿತು. ತಲೆಗೆ ಹತ್ತು ದ್ರಾಕ್ಮಾದಂತೆ ಹಂಚಿಬಿಡೋಣ ಎಂಬ ಮಾತು ಬಂತು. ಬೇಡ, ಹಡಗು ಕಟ್ಟೋಣ ಎಂದು ಥೆಮಿಸ್ಟೊಕ್ಲೀಸ್ ಸಭೆಯನ್ನು ಒಪ್ಪಿಸಿದ. ಮೂರು ವರ್ಷದ ನಂತರ ಸಲಾಮಿಸ್ ಕಡಲಿನಲ್ಲಿ ಪರ್ಷಿಯನ್ನರನ್ನು ಸೋಲಿಸಿದ್ದು ಇದೇ ಹಡಗುಗಳು. ಒಂದು ಟ್ರೈರೀಮ್ ಹಡಗಿಗೆ 170 ಜನ ಹುಟ್ಟು ಹಾಕುವವರು ಬೇಕು. 200 ಹಡಗು ಎಂದರೆ 34,000 ಜೋಡಿ ತೋಳು. ಕವಚ, ಗುರಾಣಿ ಕೊಳ್ಳಲು ಹಣ ಇಲ್ಲದ ಬಡವ ಕಾಲಾಳು ಸೈನ್ಯದಲ್ಲಿ ಲೆಕ್ಕಕ್ಕಿಲ್ಲ. ಆದರೆ ಹಡಗಿನಲ್ಲಿ ಅವನಿಲ್ಲದಿದ್ದರೆ ಊರೇ ಉಳಿಯದು. ಹುಟ್ಟು ಹಾಕುವವರೇ ಈ ಊರಿಗೆ ಬಲ ಕೊಟ್ಟವರು, ಹಾಗಾಗಿ ಅವರಿಗೆ ಅಧಿಕಾರ ಸಿಕ್ಕಿರುವುದು ನ್ಯಾಯವೇ ಎಂದು ಪ್ರಜಾಪ್ರಭುತ್ವವನ್ನು ಇಷ್ಟಪಡದ ಒಬ್ಬ ಅಥೆನ್ಸಿನವನೇ ಬರೆದಿಟ್ಟಿದ್ದಾನೆ. ಅವನ ಹೆಸರು ಉಳಿದಿಲ್ಲ, ಬರಹ ಉಳಿದಿದೆ.

ಅಧಿಕಾರ ಹೇಗೆ ಸಿಕ್ಕಿತು? ನಾವು ಚುನಾವಣೆ ಅಂದುಕೊಳ್ಳುತ್ತೇವೆ. ಅಥೆನ್ಸಿನವರಿಗೆ ಚುನಾವಣೆಯ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಚುನಾವಣೆಯಲ್ಲಿ ಹಣವಂತನೋ ಮಾತುಗಾರನೋ ಗೆಲ್ಲುತ್ತಾನೆ ಅಲ್ವಾ? ಅದಕ್ಕೇ ದಂಡನಾಯಕರಂಥ ಕೆಲವು ಹುದ್ದೆ ಬಿಟ್ಟು ಮಿಕ್ಕದ್ದಕ್ಕೆಲ್ಲ ಚೀಟಿ ಎತ್ತುತ್ತಿದ್ದರು. 500 ಜನರ ಮಂಡಳಿಗೆ ಹತ್ತು ಕುಲಗಳಿಂದ ತಲಾ 50 ಜನ, ಚೀಟಿಯಿಂದಲೇ. 30 ವರ್ಷ ಆಗಿರಬೇಕು, ಬಾಳಿನಲ್ಲಿ ಎರಡು ಸಲಕ್ಕಿಂತ ಜಾಸ್ತಿ ಕೂರುವಂತಿಲ್ಲ. ವರ್ಷವನ್ನು ಹತ್ತು ಭಾಗ ಮಾಡಿ, ಒಂದೊಂದು ಭಾಗ ಒಂದೊಂದು ಕುಲದ 50 ಜನ ದಿನನಿತ್ಯದ ಆಡಳಿತ ನೋಡಿಕೊಳ್ಳುತ್ತಿದ್ದರು. ಅವರಲ್ಲಿ ದಿನಕ್ಕೊಬ್ಬ ಅಧ್ಯಕ್ಷ, ಅವನೂ ಚೀಟಿಯಿಂದ. ಒಂದು ರಾತ್ರಿ ಒಂದು ಹಗಲು ಊರಿನ ಮುದ್ರೆ, ಖಜಾನೆಯ ಬೀಗದ ಕೈ ಅವನ ಹತ್ತಿರ. ಆ ಕೆಲಸ ಒಬ್ಬನಿಗೆ ಎರಡನೆಯ ಸಲ ಬರುವುದಿಲ್ಲ. ಹಾಗಾಗಿ ಯಾರೋ ಒಬ್ಬ ಚಮ್ಮಾರ ಅಥವಾ ಕುಂಬಾರ ಒಂದು ದಿನದ ಮಟ್ಟಿಗೆ ಅಥೆನ್ಸಿನ ಯಜಮಾನನಾಗಬಹುದಿತ್ತು.

ನ್ಯಾಯಾಲಯಕ್ಕೆ ಪಂಚರನ್ನು ಆರಿಸಲು 4ನೇ ಶತಮಾನದಲ್ಲಿ ಬಳಸುತ್ತಿದ್ದ ಕಲ್ಲಿನ ಯಂತ್ರದ ತುಂಡುಗಳು ಇವತ್ತಿಗೂ ಅಥೆನ್ಸಿನ ಅಗೋರಾ ವಸ್ತುಸಂಗ್ರಹಾಲಯದಲ್ಲಿವೆ. ನೆಟ್ಟಗೆ ನಿಲ್ಲಿಸಿದ ಕಲ್ಲಿನ ಚಪ್ಪಡಿ, ಅದರ ತುಂಬ ಸಾಲುಸಾಲಾಗಿ ಸಣ್ಣ ಸೀಳುಗಳು. ಪ್ರತಿಯೊಬ್ಬನೂ ತನ್ನ ಹೆಸರು ಕೊರೆದ ತಗಡನ್ನು ತಂದು ಕೊಡುತ್ತಾನೆ, ಅದನ್ನು ಸೀಳಿಗೆ ಸಿಕ್ಕಿಸುತ್ತಾರೆ. ಪಕ್ಕದ ಕೊಳವೆಗೆ ಕಪ್ಪು ಬಿಳಿ ಗುಂಡುಗಳನ್ನು ಬೆರೆಸಿ ಸುರಿಯುತ್ತಾರೆ. ಕೆಳಗೆ ಒಂದೊಂದೇ ಗುಂಡು ಹೊರಬರುತ್ತದೆ. ಬಿಳಿ ಬಂದರೆ ಆ ಅಡ್ಡಸಾಲಿನವರೆಲ್ಲ ಇಂದು ಪಂಚರು, ಕಪ್ಪು ಬಂದರೆ ಆ ಸಾಲು ಮನೆಗೆ. ಯಾವ ಮೊಕದ್ದಮೆಗೆ ಯಾರು ಕೂರುತ್ತಾರೆ ಎಂದು ಬೆಳಗ್ಗೆವರೆಗೂ ಯಾರಿಗೂ ಗೊತ್ತಿಲ್ಲ. ಲಂಚ ಕೊಡಬೇಕೆಂದರೂ ಯಾರಿಗೆ ಕೊಡುವುದು? ತೀರ್ಪಿಗೆ ಎರಡು ಕಂಚಿನ ಬಿಲ್ಲೆ. ನಡುವಿನ ಕಡ್ಡಿ ಟೊಳ್ಳಾಗಿದ್ದರೆ ದೂರು ಕೊಟ್ಟವನ ಕಡೆ, ಗಟ್ಟಿಯಾಗಿದ್ದರೆ ಎದುರಾಳಿಯ ಕಡೆ. ಕಡ್ಡಿಯ ಎರಡು ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿದರೆ ಯಾವುದು ಎಂದು ಪಕ್ಕದವನಿಗೂ ತಿಳಿಯದು. ಸ್ಪಾರ್ಟಾದ ಕೂಗಿನ ಪಕ್ಕ ಈ ಬಿಲ್ಲೆಯನ್ನು ಇಟ್ಟು ನೋಡಿ. ಒಂದರಲ್ಲಿ ಗುಂಪು ಏನು ಹೇಳಿತು ಎಂಬುದು ಮುಖ್ಯ. ಇನ್ನೊಂದರಲ್ಲಿ ಒಬ್ಬೊಬ್ಬನ ತೀರ್ಮಾನವೂ ಎಣಿಕೆಗೆ ಬರುತ್ತದೆ.

ಪಂಚರಿಗೆ ದಿನಕ್ಕೆ ಎರಡು ಓಬಲ್ ಕೂಲಿ ಕೊಡುವುದನ್ನು ಅಥೆನ್ಸಿನ ಮುಂದಾಳು ಪೆರಿಕ್ಲೀಸ್ ತಂದ, ಆಮೇಲೆ ಇನ್ನೊಬ್ಬ ಮುಂದಾಳು ಕ್ಲಿಯಾನ್ ಅದನ್ನು ಮೂರು ಮಾಡಿದ. ಆರು ಓಬಲ್ ಸೇರಿದರೆ ಒಂದು ದ್ರಾಕ್ಮಾ. ಅದು ಸುಮಾರಾಗಿ ಕಸುಬುದಾರನ ದಿನಗೂಲಿ. ಮೂರು ಓಬಲ್ ದೊಡ್ಡ ಮೊತ್ತ ಏನಲ್ಲ. ಆದರೆ ಒಂದು ದಿನದ ಕೆಲಸ ಬಿಟ್ಟು ಬರುವ ಮುದುಕನಿಗೆ, ಬಡವನಿಗೆ ಅದು ಸಾಕಿತ್ತು. ಸ್ಪಾರ್ಟಾದಲ್ಲಿ ಪ್ರಜೆಯಾಗಿ ಉಳಿಯಲು ನೀವೇ ದವಸ ಕೊಡಬೇಕು, ಅಥೆನ್ಸಿನಲ್ಲಿ ಪ್ರಜೆಯ ಕೆಲಸ ಮಾಡಲು ಊರೇ ನಿಮಗೆ ಕಾಸು ಕೊಡುತ್ತದೆ. ಎರಡು ಊರುಗಳ ನಡುವೆ ಇರುವ ಅಂತರದಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಂಡಿಲ್ಲ.

ಆದರೆ ಇಲ್ಲೇ ನಿಲ್ಲಿಸಿದರೆ ಸುಳ್ಳು ಹೇಳಿದ ಹಾಗೆ ಆಗುತ್ತದೆ. ಆ ಬೆಳ್ಳಿಯನ್ನು ಅಗೆದವರು ಯಾರು? ಲಾರಿಯಂನ ಕತ್ತಲ ಸುರಂಗಗಳಲ್ಲಿ, ಎಣ್ಣೆದೀಪದ ಬೆಳಕಿನಲ್ಲಿ, ಮೊಣಕಾಲೂರಿ ಕೊರೆಯುತ್ತಿದ್ದ ಗುಲಾಮರು. ದಂಡನಾಯಕ ನಿಕಿಯಾಸ್ ತನ್ನ 1,000 ಗುಲಾಮರನ್ನು ತಲೆಗೆ ದಿನಕ್ಕೆ ಒಂದು ಓಬಲ್‌ನಂತೆ ಗಣಿಗೆ ಬಾಡಿಗೆಗೆ ಬಿಟ್ಟಿದ್ದ ಎಂದು ಕ್ಸೆನೊಫೋನ್ ಬರೆಯುತ್ತಾನೆ. ಸತ್ತರೆ ಸಂಖ್ಯೆ ತುಂಬಿಕೊಡುವ ಹೊಣೆ ಗುತ್ತಿಗೆದಾರನದು. ಅಥೆನ್ಸಿನ ಗುಲಾಮರ ಬಾಳು ಒಂದೇ ತೆರ ಇರಲಿಲ್ಲ, ಅದೂ ನಿಜ. ಕ್ರಿ.ಪೂ. 409ರ ಆಸುಪಾಸಿನಲ್ಲಿ ಎರೆಕ್ಥಿಯಂ ಗುಡಿ ಕಟ್ಟಿದಾಗಿನ ಲೆಕ್ಕ ಕಲ್ಲಿನ ಮೇಲೆ ಉಳಿದಿದೆ. ಅಲ್ಲಿ ಪ್ರಜೆ, ವಲಸಿಗ, ಗುಲಾಮ ಮೂವರೂ ಅಕ್ಕಪಕ್ಕ ನಿಂತು ಕಂಬಕ್ಕೆ ಗೀರು ಕೊರೆಯುತ್ತಿದ್ದಾರೆ, ಒಂದೇ ಕೆಲಸಕ್ಕೆ ಮೂವರಿಗೂ ಒಂದೇ ದರದ ಕೂಲಿ ಬರೆದಿದೆ. ಸಂತೆಯಲ್ಲಿ ನಾಣ್ಯ ಅಸಲಿಯೋ ನಕಲಿಯೋ ಎಂದು ಪರೀಕ್ಷೆ ಮಾಡುತ್ತಿದ್ದವನೂ ಊರಿನ ಗುಲಾಮನೇ. ಆದರೂ ಗುಲಾಮ ಗುಲಾಮನೇ. ಹೊರಗಿನಿಂದ ಬಂದು ನೆಲೆಸಿದ ವಲಸಿಗರು ತಲೆಗಂದಾಯ ಕಟ್ಟಿ, ಯುದ್ಧಕ್ಕೂ ಹೋಗಿ, ಸಭೆಯ ಬಾಗಿಲಿನ ಹೊರಗೇ ಉಳಿದರು. 451ರಲ್ಲಿ ಪೆರಿಕ್ಲೀಸನೇ ತಂದ ಕಾನೂನಿನಂತೆ ಅಪ್ಪ ಅಮ್ಮ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಪೌರತ್ವ.

ಇನ್ನು ಹೆಂಗಸರ ವಿಚಾರ. ನೀವು ಕೇಳಿದ್ದು ಬಹುಮಟ್ಟಿಗೆ ನಿಜ, ಆದರೆ ಯಾವ ಹೆಂಗಸರು ಎಂದು ಕೇಳಬೇಕು. ಅಥೆನ್ಸಿನ ಹುಡುಗಿಗೆ 14-15ಕ್ಕೆ ಮದುವೆ, ಗಂಡನಿಗೆ ಸುಮಾರು 30. ಹುಟ್ಟಿನಿಂದ ಸಾವಿನವರೆಗೆ ಅಪ್ಪನೋ ಗಂಡನೋ ಮಗನೋ ಅವಳ ಯಜಮಾನ. ಒಂದು ಮೆಡಿಮ್ನಸ್ ಬಾರ್ಲಿಯ ಬೆಲೆಗಿಂತ ದೊಡ್ಡ ವ್ಯವಹಾರವನ್ನು ಹೆಂಗಸು ತಾನಾಗಿ ಮಾಡುವಂತಿಲ್ಲ ಎಂದು ಕಾನೂನೇ ಇತ್ತು. ಅಂದರೆ ಸ್ಪಾರ್ಟಾದ ಗಂಡಸು ಒಂದು ತಿಂಗಳ ಊಟಕ್ಕೆ ತರಬೇಕಿದ್ದ ಬಾರ್ಲಿಯಷ್ಟೇ ಅವಳ ವ್ಯವಹಾರದ ಮಿತಿ. ಬಡ ಹೆಂಗಸರು ಸಂತೆಯಲ್ಲಿ ಮಾರುತ್ತಿದ್ದರು, ದಾದಿಯರಾಗಿ ದುಡಿಯುತ್ತಿದ್ದರು. ಅಥೀನಾ ದೇವಿಯ ಪೂಜಾರಿಣಿಗೆ ಊರಿನಲ್ಲಿ ದೊಡ್ಡ ಗೌರವ ಇತ್ತು. ಆದರೆ ಸಭೆ, ನ್ಯಾಯಾಲಯ ಯಾವುದರಲ್ಲೂ ಹೆಂಗಸಿಗೆ ಮಾತಿಲ್ಲ.

ಸ್ಪಾರ್ಟಾದ ಪ್ರಜೆಗಳ ಹೆಣ್ಣುಮಕ್ಕಳು ಓಡುತ್ತಿದ್ದರು, ಕುಸ್ತಿ ಆಡುತ್ತಿದ್ದರು, ಹೊಟ್ಟೆತುಂಬ ಉಣ್ಣುತ್ತಿದ್ದರು. ಮದುವೆ ಆಗುತ್ತಿದ್ದದ್ದು ಮೈ ಬಲಿತ ಮೇಲೆ. ಆಸ್ತಿ ಅವರ ಹೆಸರಿನಲ್ಲೇ ಇರುತ್ತಿತ್ತು. 4ನೇ ಶತಮಾನದ ಹೊತ್ತಿಗೆ ಸ್ಪಾರ್ಟಾದ ಭೂಮಿಯಲ್ಲಿ ಐದರಲ್ಲಿ ಎರಡು ಪಾಲು ಹೆಂಗಸರ ಕೈಯಲ್ಲಿತ್ತು ಎಂದು ಅರಿಸ್ಟಾಟಲ್ ಆಕ್ಷೇಪಿಸುತ್ತಾನೆ. ರಾಜ ಆರ್ಕಿಡಾಮಸ್‌ನ ಮಗಳು ಕಿನಿಸ್ಕಾ ಒಲಿಂಪಿಯಾದಲ್ಲಿ ಕ್ರಿ.ಪೂ. 396 ಮತ್ತು 392ರಲ್ಲಿ ನಾಲ್ಕು ಕುದುರೆಯ ರಥದ ಓಟ ಗೆದ್ದಳು. ಅಲ್ಲಿ ಗೆಲುವು ರಥ ಓಡಿಸಿದವನದಲ್ಲ, ಕುದುರೆಗಳ ಒಡೆಯರದು. ನನ್ನ ತಂದೆ, ಅಣ್ಣತಮ್ಮಂದಿರು ಸ್ಪಾರ್ಟಾದ ರಾಜರು, ಇಡೀ ಗ್ರೀಸಿನಲ್ಲಿ ಈ ಕಿರೀಟ ಪಡೆದ ಹೆಂಗಸು ನಾನೊಬ್ಬಳೇ ಎಂದು ಅವಳು ಕಲ್ಲಿನಲ್ಲಿ ಕೆತ್ತಿಸಿದಳು. ಅದನ್ನು ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಆದರೆ ನೂಲುವ, ನೇಯುವ ಕೆಲಸದಿಂದ ಸ್ಪಾರ್ಟಾದ ಹೆಂಗಸರಿಗೆ ಬಿಡುವು ಸಿಕ್ಕಿದ್ದು ಹೇಗೆ? ಬಟ್ಟೆ ಮಾಡಲು ದಾಸಿಯರು ಸಾಕು, ಪ್ರಜೆಯ ಹೆಂಡತಿಯ ಕೆಲಸ ಗಟ್ಟಿ ಮಕ್ಕಳನ್ನು ಹೆರುವುದು ಎಂದು ಕ್ಸೆನೊಫೋನ್ ನೇರವಾಗಿಯೇ ಹೇಳುತ್ತಾನೆ. ಕಿನಿಸ್ಕಾಳ ಕುದುರೆಗೆ ಮೇವು ಬೆಳೆದ ಮನೆಯ ಹೆಲಟ್ ಹೆಂಗಸಿನ ಮಾತು ಯಾವ ಕಲ್ಲಿನ ಮೇಲೂ ಇಲ್ಲ. ಇನ್ನೊಂದು ತೊಡಕೂ ಇತ್ತು. ಭೂಮಿ ಮಕ್ಕಳಲ್ಲಿ ಪಾಲಾಗುತ್ತಾ, ಮದುವೆಗಳ ಮೂಲಕ ಕೆಲವೇ ಸಿರಿವಂತ ಮನೆಗಳಲ್ಲಿ ಸೇರುತ್ತಾ ಹೋಯಿತು. ಉಳಿದವರ ಪಾಲು ಸಣ್ಣದಾಯಿತು. ಪಾಲು ಸಣ್ಣದಾದವನಿಗೆ ಪಂಗಡಕ್ಕೆ ದವಸ ಕೊಡಲಾಗಲಿಲ್ಲ. ಇದರಲ್ಲಿ ಹೆಂಗಸರ ತಪ್ಪೇನೂ ಇಲ್ಲ, ಅರಿಸ್ಟಾಟಲ್ ಅವರನ್ನು ದೂರಿದ್ದು ಅನ್ಯಾಯ. ತಪ್ಪು ಇದ್ದದ್ದು ಬಾಗಿಲಲ್ಲಿಟ್ಟ ಆ ತಕ್ಕಡಿಯಲ್ಲಿ.

ಅಥೆನ್ಸ್ ತಾನೇ ಕಟ್ಟಿದ ಆಡಳಿತದಿಂದ ಎಡವಿದ್ದೂ ಉಂಟು. 427ರಲ್ಲಿ, ತನ್ನ ಕೂಟದಿಂದ ಹೊರಬರಲು ದಂಗೆ ಎದ್ದಿದ್ದ ಮಿಟಿಲೀನಿ ಊರಿನ ಗಂಡಸರನ್ನೆಲ್ಲ ಕೊಲ್ಲಿ ಎಂದು ಸಭೆ ಒಂದು ದಿನ ಸಿಟ್ಟಿನಲ್ಲಿ ತೀರ್ಮಾನಿಸಿತು, ಹಡಗೂ ಹೊರಟಿತು. ಮಾರನೆಯ ದಿನ ಅದೇ ಜನ ಮತ್ತೆ ಸೇರಿ, ವಾದ ಮಾಡಿ, ಸ್ವಲ್ಪವೇ ಮತಗಳ ಅಂತರದಲ್ಲಿ ಮನಸ್ಸು ಬದಲಿಸಿದರು. ಎರಡನೆಯ ಹಡಗಿನವರು ಹುಟ್ಟು ಬಿಡದೆ, ವೈನ್ ಮತ್ತು ಎಣ್ಣೆಯಲ್ಲಿ ಕಲಸಿದ ಬಾರ್ಲಿ ಹಿಟ್ಟನ್ನು ಕೂತಲ್ಲೇ ತಿನ್ನುತ್ತಾ, ಸರದಿಯಲ್ಲಿ ನಿದ್ದೆ ಮಾಡುತ್ತಾ ಹೋಗಿ ಸರಿಯಾದ ಹೊತ್ತಿಗೆ ಮುಟ್ಟಿದರು. ಆದರೂ ದಂಗೆಯ ಮುಂದಾಳುಗಳೆಂದು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದರು. 416ರಲ್ಲಿ ಮೀಲಾಸ್ ದ್ವೀಪದ ಗಂಡಸರ ವಿಷಯದಲ್ಲಿ ಎರಡನೆಯ ಹಡಗು ಹೊರಡಲೇ ಇಲ್ಲ. 406ರಲ್ಲಿ ಕಡಲಯುದ್ಧ ಗೆದ್ದು ಬಂದ ತಮ್ಮದೇ ಆರು ದಂಡನಾಯಕರನ್ನು, ಬಿರುಗಾಳಿಯಲ್ಲಿ ಮುಳುಗುತ್ತಿದ್ದವರನ್ನು ಎತ್ತಿಕೊಳ್ಳಲಿಲ್ಲ ಎಂದು ಒಟ್ಟಿಗೇ ವಿಚಾರಿಸಿ ಕೊಂದರು. ಹಾಗೆ ಒಟ್ಟಿಗೆ ವಿಚಾರಿಸುವುದು ಕಾನೂನಿಗೆ ವಿರುದ್ಧ ಎಂದು ಮಂಡಳಿಯಲ್ಲಿ ಕೂತಿದ್ದ ಸಾಕ್ರೆಟಿಸ್ ವಿರೋಧಿಸಿದ್ದ. ಅವನನ್ನೂ 399ರಲ್ಲಿ ಪಂಚರೇ ಸಾವಿಗೆ ಗುರಿಮಾಡಿದರು. ಪ್ರಜಾಪ್ರಭುತ್ವದ ಪರವಾಗಿ ಮಾತನಾಡುವವರು ಇವನ್ನು ಮುಚ್ಚಿಡಬಾರದು.

ಎರಡು ಊರುಗಳ ನಡುವೆ 431ರಲ್ಲಿ ಶುರುವಾದ ದೊಡ್ಡ ಯುದ್ಧವನ್ನು 404ರಲ್ಲಿ ಸ್ಪಾರ್ಟಾ ಗೆದ್ದಿತು. ಅದು ಬರೀ ಸೈನ್ಯದ ಶಿಸ್ತಿನ ಗೆಲುವಲ್ಲ. ಪರ್ಷಿಯಾದ ಹಣದಲ್ಲಿ ಹಡಗುಪಡೆ ಕಟ್ಟಿದ ಮೇಲೆ ಬಂದ ಗೆಲುವು. ಅಥೆನ್ಸಿನ ಗೋಡೆಗಳನ್ನು ಕೊಳಲಿನ ದನಿಯ ಜೊತೆ ಕೆಡವಿದರು, 30 ಜನರ ದಬ್ಬಾಳಿಕೆಯ ಆಡಳಿತ ಕೂರಿಸಿದರು. ಮರುವರ್ಷವೇ ಅಥೆನ್ಸಿನವರು ಆ 30 ಜನರನ್ನು ಕಿತ್ತುಹಾಕಿ ಪ್ರಜಾಪ್ರಭುತ್ವವನ್ನು ಮರಳಿ ತಂದರು. ಹಳೆಯದನ್ನು ಕೆದಕುವುದಿಲ್ಲ ಎಂದು ಊರೆಲ್ಲ ಆಣೆ ಇಟ್ಟಿತು. ಸೋತ ಊರು ಹೀಗೆ ಎದ್ದು ಕೂತಿತು.

ಗೆದ್ದ ಊರಿನ ಒಳಗೆ ಏನಾಗುತ್ತಿತ್ತು ಎನ್ನುವುದಕ್ಕೆ ಕ್ಸೆನೊಫೋನ್ ಒಂದು ಪ್ರಸಂಗ ಕೊಡುತ್ತಾನೆ. ಯುದ್ಧ ಮುಗಿದು ಕೆಲವೇ ವರ್ಷ. ಕಿನಡಾನ್ ಎಂಬ ಗಟ್ಟಿ ಯುವಕ, 'ಸಮಾನರ' ಸಾಲಿಗೆ ಸೇರದವನು, ಒಬ್ಬನನ್ನು ಸ್ಪಾರ್ಟಾದ ಸಂತೆಗೆ ಕರೆದೊಯ್ದು ಇಲ್ಲಿ ಪೂರ್ಣ ಪ್ರಜೆಗಳು ಎಷ್ಟಿದ್ದಾರೆ ಎಣಿಸು ಅಂದ. ರಾಜ, ಎಫೊರರು, ಹಿರಿಯರು ಎಲ್ಲ ಸೇರಿ ಸುಮಾರು 40 ಜನ. ಇವರು ನಿನ್ನ ಶತ್ರುಗಳು, ಸಂತೆಯಲ್ಲಿರುವ ಮಿಕ್ಕ 4,000ಕ್ಕೂ ಹೆಚ್ಚು ಜನ ನಿನ್ನ ಕಡೆಯವರು ಅಂದುಕೋ ಎಂದ. ಹೆಲಟರು, ಬಿಡುಗಡೆಯಾದವರು, ಪೌರತ್ವ ಕಳೆದುಕೊಂಡವರು, ಪೆರಿಯೋಯ್ಕಿ, ಇವರಲ್ಲಿ ಯಾರ ಮುಂದೆ ಸ್ಪಾರ್ಟಾ ಪ್ರಜೆಗಳ ಮಾತು ಎತ್ತಿದರೂ, ಅವರನ್ನು ಹಸಿಯಾಗೇ ತಿಂದೇವು ಎಂಬ ಸಿಟ್ಟು ಮುಚ್ಚಿಡಲಾರರು ಎಂದ. ಸುದ್ದಿ ಎಫೊರರಿಗೆ ಮುಟ್ಟಿತು, ಕಿನಡಾನ್ ಸಿಕ್ಕಿಬಿದ್ದ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದರು. ಸ್ಪಾರ್ಟಾದಲ್ಲಿ ಯಾರಿಗೂ ಕಡಿಮೆಯಾಗಿ ಇರಬಾರದು ಎಂದು, ಅಂದ. ಕೊರಳಿಗೆ, ಕೈಗೆ ಬೇಡಿ ಹಾಕಿ, ಚಾಟಿಯಲ್ಲಿ ಹೊಡೆಯುತ್ತಾ ಅವನನ್ನು ಊರ ತುಂಬ ಎಳೆದಾಡಿದರು.

ಕಿನಡಾನ್‌ನನ್ನು ಮುಗಿಸಿದರು, ಅವನು ಎಣಿಸಿ ತೋರಿಸಿದ ಲೆಕ್ಕ ಹಾಗೇ ಉಳಿಯಿತು. 480ರಲ್ಲಿ ಸುಮಾರು 8,000 ಸ್ಪಾರ್ಟಾ ಪ್ರಜೆಗಳಿದ್ದರು ಎಂದು ಹೆರೊಡೊಟಸ್ ಬರೆದಿದ್ದ. 371ರಲ್ಲಿ ಲ್ಯೂಕ್ಟ್ರಾ ಬಯಲಿನಲ್ಲಿ ಥೀಬ್ಸ್ ಎಂಬ ಇನ್ನೊಂದು ಗ್ರೀಕ್ ಊರಿನ ಎದುರು ನಿಂತವರು ಬರೀ 700. ಅವರಲ್ಲಿ 400 ಜನ ಸತ್ತರು, ರಾಜ ಕ್ಲಿಯೊಂಬ್ರೊಟಸ್ ಕೂಡ. 30,000 ಕಾಲಾಳುಗಳನ್ನು ಸಾಕಬಲ್ಲ ನೆಲದಲ್ಲಿ ಕೊನೆಗೆ 1,000 ಪ್ರಜೆಗಳೂ ಉಳಿದಿರಲಿಲ್ಲ, ಆ ಊರಿಗೆ ಒಂದೇ ಒಂದು ಪೆಟ್ಟು ತಡೆಯಲಾಗಲಿಲ್ಲ ಎಂದು ಅರಿಸ್ಟಾಟಲ್ ಬರೆಯುತ್ತಾನೆ. ನಿಮ್ಮ ಮೂರನೆಯ ಪ್ರಶ್ನೆಗೆ ಇದೇ ಉತ್ತರ. ಶೌರ್ಯ ಕಡಿಮೆಯಾಗಿ ಸೋತದ್ದಲ್ಲ. ಬಡವರಾದವರನ್ನು ಹೊರಗೆ ಹಾಕುತ್ತಾ, ಹೊಸಬರನ್ನು ಒಳಗೆ ಬಿಡದೆ, ಯುದ್ಧಕ್ಕೆ ಜನವೇ ಇಲ್ಲದಂತೆ ಮಾಡಿಕೊಂಡರು.

ಮರುವರ್ಷದ, ಅಂದರೆ 370ರ ಕೊನೆಯ ಚಳಿಗಾಲದಲ್ಲಿ ಥೀಬ್ಸಿನ ದಂಡನಾಯಕ ಎಪಮಿನೊಂಡಾಸ್ ಲಕೋನಿಯಾದ ಒಳಗೇ ನುಗ್ಗಿದ. ಸ್ಪಾರ್ಟಾಕ್ಕೆ ಕೋಟೆಗೋಡೆ ಇರಲಿಲ್ಲ. ನಮ್ಮ ಕಡೆ ಹೋರಾಡುವ ಹೆಲಟರಿಗೆ ಬಿಡುಗಡೆ ಎಂದು ಸ್ಪಾರ್ಟಾದವರು ಸಾರಿದರು. 6,000ಕ್ಕೂ ಹೆಚ್ಚು ಹೆಲಟರು ಹೆಸರು ಕೊಟ್ಟರು. ಅವರು ಆಯುಧ ಹಿಡಿದು ಸಾಲಾಗಿ ನಿಂತದ್ದನ್ನು ಕಂಡು ಸ್ಪಾರ್ಟಾದವರಿಗೇ ಭಯವಾಯಿತು ಎಂದು ಕ್ಸೆನೊಫೋನ್ ಹೇಳುತ್ತಾನೆ. ಕೊನೆಗೆ ಸ್ಪಾರ್ಟಾದ ದೂತರು ನೆರವು ಕೇಳಿಕೊಂಡು ಹೋದದ್ದು ಅಥೆನ್ಸಿಗೆ. ಅಲ್ಲಿನ ಸಭೆಯಲ್ಲಿ ಗದ್ದಲ ಎದ್ದಿತು, ಹಳೆಯ ಗಾಯಗಳ ಮಾತು ಬಂತು, ವಾದ ನಡೆಯಿತು. ನೆರವು ಕೊಡಬೇಕೆಂದೇ ತೀರ್ಮಾನವಾಗಿ ಇಫಿಕ್ರಟೀಸ್‌ನ ಕೈಯಲ್ಲಿ ಸೈನ್ಯ ಕಳಿಸಿದರು. ಸ್ಪಾರ್ಟಾ ಊರು ಉಳಿಯಿತು, ಮೆಸೇನಿಯಾ ಕೈಬಿಟ್ಟಿತು. 369ರಲ್ಲಿ ಅಲ್ಲಿ ಮೆಸೀನಿ ಎಂಬ ಹೊಸ ನಗರ ಎದ್ದಿತು. ಅದರ ಪ್ರಜೆಗಳು ನಿನ್ನೆಯವರೆಗಿನ ಹೆಲಟರು, ಮತ್ತು ಹಿಂದೆ ದೇಶಬಿಟ್ಟು ಹೋಗಿ ಮರಳಿ ಬಂದ ಮೆಸೇನಿಯಾದವರು. ಅವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಊರ ಸುತ್ತ ಗಟ್ಟಿ ಕಲ್ಲಿನ ಗೋಡೆ ಕಟ್ಟಿದ್ದು.